ಪದ ಪರಿಚಯ: ಮತಗಟ್ಟೆ

ಚುನಾವಣೆ ಬಂದಾಗ ಊರ ಶಾಲೆಯ ಗೋಡೆ ಏರುವ ಪದ ಇದು. ‘ಮತ’ ಸಂಸ್ಕೃತದ್ದು, ಯೋಚಿಸು ಎಂಬರ್ಥದ ‘ಮನ್’ ಧಾತುವಿನಿಂದ ಬಂದದ್ದು. ಮತಿ, ಮನನ, ಸಮ್ಮತಿ ಇದರ ಒಡಹುಟ್ಟುಗಳು. ‘ಕಟ್ಟೆ’ ಕನ್ನಡದ್ದೇ, ‘ಕಟ್ಟು’ವಿನ ಮಗಳು. ಕೂಡಿದಾಗ ‘ಮಳೆಗಾಲ’ದಲ್ಲಿ ಆದಂತೆ ಕಕಾರ ಗಕಾರವಾಗಿದೆ. ಸಂಸ್ಕೃತ, ಕನ್ನಡ ಬೆರೆತ ಇಂಥ ಜೋಡಿಯನ್ನು ಕಂಡು ಹಳೆಯ ವೈಯಾಕರಣರು ಅರಿಸಮಾಸವೆಂದು ಮೂಗು ಮುರಿಯುತ್ತಿದ್ದರೇನೋ. ಆಡುವ ಜನ ಅಷ್ಟು ಮಡಿವಂತರಲ್ಲ.

ಕಟ್ಟೆ ಎಂದೊಡನೆ ಅರಳಿಕಟ್ಟೆ ಕಣ್ಣಿಗೆ ಬರುತ್ತದೆ, ಹಿರಿಯರು ಕೂತು ನ್ಯಾಯ ಹೇಳುತ್ತಿದ್ದ ಜಾಗ. ಅಲ್ಲಿ ಹೆಂಗಸರಿಗೂ ದಲಿತರಿಗೂ ಸಾಮಾನ್ಯವಾಗಿ ಜಾಗವಿರಲಿಲ್ಲ, ಗಟ್ಟಿ ದನಿಯವನದೇ ಮಾತು. ಮತಗಟ್ಟೆಯಲ್ಲಿ ಗೌಡರಿಗೂ ಅವರ ಹೊಲದ ಆಳಿಗೂ ಒಂದೇ ತೂಕದ ಓಟು, ಅದೂ ಮರೆಯಲ್ಲಿ, ಬಾಯಿ ಬಿಡದೆ. ವಯಸ್ಕರೆಲ್ಲರಿಗೂ ಓಟಿನ ಹಕ್ಕು ಕೊಟ್ಟದ್ದು ಸಂವಿಧಾನದ 326ನೇ ವಿಧಿ. ಮೊದಲು 21 ತುಂಬಿರಬೇಕಿತ್ತು. 61ನೇ ತಿದ್ದುಪಡಿ 1989ರಲ್ಲಿ ಜಾರಿಗೆ ಬಂದು ವಯಸ್ಸು 18ಕ್ಕೆ ಇಳಿಯಿತು. ಲೋಕಸಭೆ, ವಿಧಾನಸಭೆಗಳಿಗೆ ಮತದಾನ ನಮ್ಮಲ್ಲಿ ಕಡ್ಡಾಯವಲ್ಲ. ಹೋಗದಿದ್ದರೆ ದಂಡವಿಲ್ಲ. ಹೋಗುವುದು ನಾಗರಿಕರ ಹೊಣೆಗೆ ಬಿಟ್ಟದ್ದು, ಪಂಚಾಯಿತಿಕಟ್ಟೆಗೆ ಕರೆ ಬಂದರೆ ಮನೆಯಲ್ಲಿ ಕೂರುವುದು ತರವಲ್ಲ ಎನ್ನುವ ಹಾಗೆ.

ಬಳಕೆ: ಸೂಕ್ಷ್ಮ ಮತಗಟ್ಟೆ, ಮಹಿಳೆಯರೇ ನಡೆಸುವ ಸಖಿ ಮತಗಟ್ಟೆ, ಮತಗಟ್ಟೆ ಅಧಿಕಾರಿ. ಮಾತಿನಲ್ಲಿ ಮಾತ್ರ ‘ಬೂತ್’ ಇನ್ನೂ ಗಟ್ಟಿಯಾಗಿ ಕೂತಿದೆ. ಇನ್ನು ‘ಮತಗಟ್ಟೆ ಸಮೀಕ್ಷೆ’ಯ ಗದ್ದಲವೆಲ್ಲ ನಡೆಯುವುದು ಟಿವಿ ಸ್ಟುಡಿಯೊದಲ್ಲಿ; ಅದನ್ನು ಹರಟೆಕಟ್ಟೆ ಎಂದರೂ ನಡೆದೀತು.