ಹಾರುವ ಬಿಲ್ಲೆಗೆ ಚಳಿಯ ಕಾಟ

ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್. 1884ರ ಜನವರಿ 13ರಂದು. ಬೆಂಗಳೂರಿಗರಿಗೆ ಸ್ವೆಟರ್, ಮಫ್ಲರ್ ನೆನಪಿಸುವ ಈ ಚಳಿ, ಶೂಟಿಂಗ್ ಆಟದಲ್ಲಿ ಗುರಿಯಾಗಿ ಬಿಲ್ಲೆ ಎಸೆಯುವ ಯಂತ್ರವನ್ನು ಹೆಪ್ಪುಗಟ್ಟಿಸುವಂಥದ್ದಲ್ಲ. ಆದರೆ ಹಾರುವ ಬಿಲ್ಲೆಗೆ ಗುಂಡು ಹೊಡೆಯುವ ಈ ಆಟ ಬೆಳೆದದ್ದು ಹಿಮ ಬೀಳುವ ನಾಡುಗಳಲ್ಲಿ.

ಮೊದಲು ಗುರಿ ಜೀವಂತ ಪಾರಿವಾಳ, ಆಮೇಲೆ ಗಾಜಿನ ಚೆಂಡು. 1880ರಲ್ಲಿ ಅಮೆರಿಕದ ಸಿನ್ಸಿನಾಟಿಯ ಜಾರ್ಜ್ ಲಿಗೋವ್‌ಸ್ಕಿ ಮಣ್ಣಿನ ಬಿಲ್ಲೆಗೆ ಪೇಟೆಂಟ್ ಪಡೆದ. ಆದರೂ 1900ರ ಪ್ಯಾರಿಸ್ ಒಲಿಂಪಿಕ್ ಕೂಟದಲ್ಲಿ ನಿಜವಾದ ಪಾರಿವಾಳಗಳಿಗೇ ಗುಂಡಿಟ್ಟರು. ಆ ಕ್ರೌರ್ಯವನ್ನು ಬದಿಗೆ ಸರಿಸಿದ್ದೇ ಈ ಬಿಲ್ಲೆಯ ದೊಡ್ಡ ಉಪಕಾರ.

ಸುಟ್ಟ ಮಣ್ಣು ತೀರ ಗಟ್ಟಿ, ಗುಂಡು ತಾಗಿದರೂ ಸುಲಭವಾಗಿ ಒಡೆಯುತ್ತಿರಲಿಲ್ಲ. ಹಾಗಾಗಿ ಸುಣ್ಣಕಲ್ಲಿನ ಪುಡಿ, ಡಾಂಬರಿನಂಥ ಪಿಚ್ ಬಂದವು. ಇಂದಿನ ಬಿಲ್ಲೆ 110 ಮಿ.ಮೀ. ಅಗಲ, ಸುಮಾರು 105 ಗ್ರಾಂ. ಚಳಿಯಲ್ಲಿ ಪಿಚ್ ಪೆಡಸಾಗುತ್ತದೆ. ಯಂತ್ರದ ಸ್ಪ್ರಿಂಗ್ ತೋಳಿನ ಹೊಡೆತಕ್ಕೇ ಬಿಲ್ಲೆ ಚೂರಾಗುತ್ತದೆ. ಇಬ್ಬನಿಯಲ್ಲಿ ನೆನೆದು ಹೆಪ್ಪುಗಟ್ಟಿದರೆ ಎರಡು ಬಿಲ್ಲೆ ಅಂಟಿಕೊಂಡು ಒಟ್ಟಿಗೆ ಬೀಳುತ್ತವೆ. ಗ್ರೀಸ್ ಗಟ್ಟಿಯಾಗಿ ಮೋಟಾರು ತಿಣುಕುತ್ತದೆ, ಬ್ಯಾಟರಿ ಬೇಗ ಸೋಲುತ್ತದೆ. ಅದಕ್ಕೇ ರಾತ್ರಿ ಬ್ಯಾಟರಿಯನ್ನು ಒಳಗೆ ಬೆಚ್ಚಗಿಡುತ್ತಾರೆ, ಬಿಲ್ಲೆಗಳನ್ನು ಒಣ ಜಾಗದಲ್ಲಿ ಜೋಡಿಸುತ್ತಾರೆ. ಸಿಕ್ಕಿಕೊಂಡ ಬಿಲ್ಲೆಯನ್ನು ತೆಗೆಯುವ ಮುನ್ನ ಸ್ಪ್ರಿಂಗ್ ಸಡಿಲಿಸಲೇಬೇಕು. ಆ ತೋಳು ಕೈ ಮುರಿಯಬಲ್ಲದು.

ಭಾರತದಲ್ಲಿ ಈ ಆಟಕ್ಕೆ ಹೆಸರು ತಂದವರು ಬಿಕಾನೇರ್‌ನ ಕರ್ಣಿ ಸಿಂಗ್, 1962ರ ಕೈರೋ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಬೆಳ್ಳಿ ಗೆದ್ದವರು. ಅವರ ಹೆಸರಿನ ಶೂಟಿಂಗ್ ರೇಂಜ್ ದೆಹಲಿಯ ತುಘಲಕಾಬಾದ್‌ನಲ್ಲಿದೆ. ಡಿಸೆಂಬರ್, ಜನವರಿಯ ಮಂಜು ಅಲ್ಲಿ ಗುರಿಯನ್ನೇ ಮಸುಕುಗೊಳಿಸುತ್ತದೆ.

ಕರ್ನಾಟಕದ ಹಳೆಯ ಗುರಿ ಬೇರೆಯೇ. ಕೊಡಗಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಎತ್ತರದ ಮರಕ್ಕೆ ತೆಂಗಿನಕಾಯಿ ಕಟ್ಟಿ ಗುಂಡು ಹೊಡೆಯುತ್ತಾರೆ. ಚಳಿಗಾಲದ ಪುತ್ತರಿಯಲ್ಲಿ ಹೊಸ ಭತ್ತದ ಕದಿರು ಕೊಯ್ಯುವಾಗಲೂ ಕೋವಿ ಸಿಡಿಯುತ್ತದೆ. ಅದಕ್ಕೆ ಮೋಟಾರು, ಬ್ಯಾಟರಿ ಯಾವುದೂ ಬೇಡ.