ಬೆರಳಚ್ಚು ದೃಢೀಕರಣದ ತಂತ್ರಾಂಶ ಮಾನಕಗಳು: ಅರ್ಜಿದಾರರಿಗೆ ಮಾಹಿತಿ

ಯಲ್ಲಾಪುರ ತಾಲ್ಲೂಕಿನ ಪಡಿತರ ಚೀಟಿದಾರರು ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಿಡುವ ಯಂತ್ರವನ್ನು ಒಂದು ಸಂಸ್ಥೆಯು ತಯಾರಿಸಿದ್ದು, ಅದೇ ಬೆರಳಚ್ಚನ್ನು ಆಧಾರ್ ನೋಂದಣಿಯ ವೇಳೆ ಮತ್ತೊಂದು ಸಂಸ್ಥೆಯ ಯಂತ್ರವು ಸಂಗ್ರಹಿಸಿರಬಹುದು. ಇವೆರಡೂ ಪರಸ್ಪರ ಹೊಂದಿಕೆಯಾಗಲು ಸಮಾನ ಮಾನಕಗಳು ಅವಶ್ಯಕವಾಗಿರುತ್ತವೆ.

ರಾಜ್ಯದಲ್ಲಿ ಈ ತಂತ್ರಜ್ಞಾನವು ಮೊದಲು ಬಳಕೆಯಾದ ಪ್ರಮುಖ ಯೋಜನೆಗಳಲ್ಲಿ ಕಂದಾಯ ಇಲಾಖೆಯ ‘ಭೂಮಿ’ ಒಂದಾಗಿದೆ. 2000ರ ದಶಕದ ಆರಂಭದಲ್ಲಿ ಆಗಿನ 177 ತಾಲ್ಲೂಕುಗಳಲ್ಲಿ ಜಾರಿಗೊಂಡ ಸದರಿ ಯೋಜನೆಯಲ್ಲಿ ಬೆರಳಚ್ಚು ನೀಡಬೇಕಾದವರು ರೈತರಲ್ಲ, ಸಿಬ್ಬಂದಿ. ಪಹಣಿಯಲ್ಲಿ ಬದಲಾವಣೆ ಮಾಡಿದವರು ತದನಂತರ ಅದನ್ನು ನಿರಾಕರಿಸಲಾಗದಂತೆ ಈ ವ್ಯವಸ್ಥೆ ಕಲ್ಪಿಸಲಾಗಿತ್ತು.

ಅದೇ ಅವಧಿಯಲ್ಲಿ ಉದ್ಯಮದಲ್ಲಿ ಎರಡು ಮಾನಕಗಳ ನಡುವೆ ಪೈಪೋಟಿ ಏರ್ಪಟ್ಟಿತ್ತು. 1998ರಲ್ಲಿ ಆರಂಭವಾದ ಒಕ್ಕೂಟವು ‘ಬಯೋಎಪಿಐ’ ಮಾನಕವನ್ನು ರೂಪಿಸಿತು. ಮೈಕ್ರೋಸಾಫ್ಟ್ ಸಂಸ್ಥೆಯು 2000ರಲ್ಲಿ ಐ/ಓ ಸಾಫ್ಟ್‌ವೇರ್ ಸಂಸ್ಥೆಯ ‘ಬಿಎಪಿಐ’ ತಂತ್ರಜ್ಞಾನಕ್ಕೆ ಪರವಾನಗಿ ಪಡೆಯಿತು. ಯಾವುದು ಉಳಿಯುವುದೆಂದು ತಿಳಿಯದೆ ಯಂತ್ರ ತಯಾರಕರು, ಅದರಲ್ಲೂ ಸಣ್ಣ ಸಂಸ್ಥೆಗಳವರು, ಎರಡಕ್ಕೂ ತಂತ್ರಾಂಶ ಬರೆಯುವ ವೆಚ್ಚವನ್ನು ಲೆಕ್ಕ ಹಾಕಬೇಕಾಯಿತು. ಬಯೋಎಪಿಐ 2002ರಲ್ಲಿ ಅಮೆರಿಕದ, 2006ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಆದಾಗ್ಯೂ ಮಾನ್ಯತೆ ದೊರೆತ ಮಾತ್ರಕ್ಕೆ ಮಾರುಕಟ್ಟೆ ದೊರೆಯುವುದಿಲ್ಲ. ಮೈಕ್ರೋಸಾಫ್ಟ್ 2009ರ ವಿಂಡೋಸ್ 7ರಲ್ಲಿ ತನ್ನದೇ ಆದ ವ್ಯವಸ್ಥೆಯನ್ನು ಅಳವಡಿಸಿತು.

ನಾಗರಿಕರ ದೃಷ್ಟಿಯಿಂದ ಇದಕ್ಕಿಂತ ಮುಖ್ಯವಾದುದು ದತ್ತಾಂಶದ ನಮೂನೆ. ಬೆರಳಚ್ಚು, ಮುಖ ಹಾಗೂ ಕಣ್ಣಿನ ಪಾಪೆಯ ಚಿತ್ರಗಳಿಗೆ ಭಾರತೀಯ ವಿಶಿಷ್ಟ ಗುರುತಿನ ಪ್ರಾಧಿಕಾರವು ಐಎಸ್‌ಓ 19794 ಸರಣಿಯ ಮಾನಕಗಳನ್ನು ಅನುಸರಿಸಿತು. ಒಬ್ಬರಿಗೆ ಎರಡು ಸಂಖ್ಯೆ ದೊರೆಯದಂತೆ ಪರಿಶೀಲಿಸುವ ಕಾರ್ಯವನ್ನು 2010ರಲ್ಲಿ ಒಂದೇ ಸಂಸ್ಥೆಗೆ ವಹಿಸದೆ ಅಕ್ಸೆಂಚರ್, ಮಹೀಂದ್ರ ಸತ್ಯಂ–ಮಾರ್ಫೋ ಹಾಗೂ ಎಲ್-1 ಇವರ ತಂಡಗಳಿಗೆ ಹಂಚಲಾಯಿತು. ನಿಖರತೆ ಮತ್ತು ವೇಗವನ್ನು ಆಧರಿಸಿ ಕೆಲಸದ ಪಾಲು ನಿಗದಿಯಾಗುತ್ತಿದ್ದುದರಿಂದ ಸಂಸ್ಥೆಗಳ ವರಮಾನವು ಅವುಗಳ ಸಾಧನೆಯನ್ನೇ ಅವಲಂಬಿಸಿತ್ತು. ಮುಂದೆ 2011ರಲ್ಲಿ ಎಲ್-1ರ ಬಯೋಮೆಟ್ರಿಕ್ ವ್ಯವಹಾರವನ್ನು, ಮಾರ್ಫೋದ ಮಾತೃಸಂಸ್ಥೆಯಾಗಿದ್ದ ಫ್ರಾನ್ಸಿನ ಸಫ್ರಾನ್ ಖರೀದಿಸಿತು. ಅದೇ ವಿಭಾಗವು 2017ರಲ್ಲಿ ‘ಐಡೆಮಿಯಾ’ ಎಂಬ ಸಂಸ್ಥೆಯ ಭಾಗವಾಯಿತು. ಹೀಗೆ ಸಂಸ್ಥೆಗಳು ಕೈ ಬದಲಾಯಿಸಿದರೂ ಮೂಲ ಚಿತ್ರಗಳು ಸಾಮಾನ್ಯ ಮಾನಕದಲ್ಲಿರುವುದರಿಂದ ನಾಗರಿಕರು ಆ ಕಾರಣಕ್ಕಾಗಿ ಪುನಃ ಸರದಿಯಲ್ಲಿ ನಿಲ್ಲಬೇಕಾಗಿಲ್ಲ.

ಸವೆದ ಬೆರಳಿಗೆ ಮಾತ್ರ ಯಾವ ಮಾನಕವೂ ಪರಿಹಾರವಲ್ಲ. ಅಡಿಕೆ ಸುಲಿಯುವವರ, ಗದ್ದೆ-ತೋಟಗಳಲ್ಲಿ ದುಡಿಯುವವರ ಹಾಗೂ ವಯೋವೃದ್ಧರ ಬೆರಳಿನ ಗೆರೆಗಳು ಯಂತ್ರಕ್ಕೆ ಸ್ಪಷ್ಟವಾಗಿ ಕಾಣದಿರಬಹುದು. ಅಂತಹವರು ಕೈ ತೊಳೆದು ಒರೆಸಿಕೊಂಡು ಬೇರೆ ಬೆರಳಿನಿಂದ ಪ್ರಯತ್ನಿಸತಕ್ಕದ್ದು. ಸೌಲಭ್ಯವಿರುವೆಡೆ ಕಣ್ಣಿನ ಪಾಪೆ ಅಥವಾ ನೋಂದಾಯಿತ ಮೊಬೈಲ್‌ಗೆ ಬರುವ ಒಟಿಪಿ ಮೂಲಕವೂ ದೃಢೀಕರಿಸಬಹುದು. ಪದೇ ಪದೇ ವಿಫಲವಾದಲ್ಲಿ ಆಧಾರ್ ಕೇಂದ್ರದಲ್ಲಿ ಬಯೋಮೆಟ್ರಿಕ್ ವಿವರಗಳನ್ನು ನವೀಕರಿಸಿಕೊಳ್ಳುವುದು ಸೂಕ್ತ. ಮಕ್ಕಳಿಗೆ 5 ಹಾಗೂ 15 ವರ್ಷ ತುಂಬಿದಾಗ ಈ ನವೀಕರಣ ಕಡ್ಡಾಯ.

ದೃಢೀಕರಣ ವಿಫಲವಾಯಿತೆಂಬ ಕಾರಣದಿಂದ ಅರ್ಹ ಫಲಾನುಭವಿಗೆ ಪಡಿತರ ನಿರಾಕರಿಸುವಂತಿಲ್ಲವೆಂದು ಪ್ರಾಧಿಕಾರವು 2017ರ ಅಕ್ಟೋಬರ್ ಮಾಹೆಯ ಸುತ್ತೋಲೆಯಲ್ಲಿ ತಿಳಿಸಿದೆ. ನಿರಾಕರಿಸಲ್ಪಟ್ಟವರು ಪಡಿತರ ಚೀಟಿಯ ಪ್ರತಿಯೊಂದಿಗೆ ತಾಲ್ಲೂಕು ಕಚೇರಿಯ ಆಹಾರ ಶಾಖೆಗೆ ಲಿಖಿತ ದೂರು ಸಲ್ಲಿಸಿ ಸ್ವೀಕೃತಿ ಪಡೆಯಬಹುದಾಗಿದೆ.