ಕಾರಿಗೂ ಕಂಬಳಿ: ಚಳಿನಾಡುಗಳ ವಾಹನ ತಪಾಸಣೆಯ ಚರಿತ್ರೆ

ಚಳಿಗಾಲ ಎಂದೊಡನೆ ನಮಗೆ ನೆನಪಾಗುವುದು ಶಾಲು, ಸ್ವೆಟರು. ಪಾದರಸ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುವ ನಾಡುಗಳಲ್ಲಿ ಕಾರಿಗೂ ಕಂಬಳಿ ಬೇಕಾಗುತ್ತದೆ.

ಇದು ಅತಿಶಯೋಕ್ತಿಯಲ್ಲ. ಮೋಟಾರು ಬಳಕೆಗೆ ಬಂದ ಮೊದಲ ದಶಕಗಳಲ್ಲಿ ಮಾಲೀಕರು ಕಾರಿನ ಮೂತಿಗೆ ನಿಜವಾಗಿಯೂ ಕಂಬಳಿ ಹೊದಿಸುತ್ತಿದ್ದರು. ಎಂಜಿನ್ನನ್ನು ತಂಪಾಗಿಡುವುದು ರೇಡಿಯೇಟರಿನ ನೀರು. ಆ ನೀರು ಹೆಪ್ಪುಗಟ್ಟಿದರೆ ಅದರ ಗಾತ್ರ ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ. ಎರಕದ ಕಬ್ಬಿಣ ಹಿಗ್ಗುವುದಿಲ್ಲ, ಸೀಳಿಹೋಗುತ್ತದೆ. ಹೀಗಾಗಿ ರಾತ್ರಿ ನೀರನ್ನೆಲ್ಲ ಬಸಿದು, ಬೆಳಿಗ್ಗೆ ಬಿಸಿನೀರು ಹುಯ್ಯುವುದು ಚಾಲಕನ ನಿತ್ಯಕರ್ಮವಾಗಿತ್ತು. ಈ ಗೋಜು ಬೇಡವೆಂದವರು ಕಾರನ್ನು ಮರದ ದಿಮ್ಮಿಗಳ ಮೇಲೇರಿಸಿ, ಹಿಮ ಕರಗುವ ತನಕ ಕೊಟ್ಟಿಗೆಯಲ್ಲಿ ನಿಲ್ಲಿಸಿಬಿಡುತ್ತಿದ್ದರು.

ನೀರಿಗೆ ಮದ್ಯಸಾರ ಬೆರೆಸಿದರೆ ಅದು ಬೇಗ ಹೆಪ್ಪುಗಟ್ಟದು. ಆದರೆ ಎಂಜಿನ್ ಕಾದಂತೆ ಮದ್ಯಸಾರ ಆವಿಯಾಗಿ ಹೋಗುತ್ತದೆ. ಎಷ್ಟು ಉಳಿದಿದೆ ಎಂದು ತಿಳಿಯಲು ಹೈಡ್ರೋಮೀಟರ್ ಎಂಬ ಗಾಜಿನ ಕೊಳವೆಯಲ್ಲಿ ದ್ರವವನ್ನು ಹೀರಿ, ಒಳಗಿನ ಬುರುಡೆ ಎಷ್ಟು ತೇಲುತ್ತದೆಂದು ಮತ್ತೆ ಮತ್ತೆ ನೋಡಬೇಕು. ಚಳಿಗಾಲದ ತಪಾಸಣೆಯ ಚರಿತ್ರೆ ಈ ಕೊಳವೆಯಿಂದಲೇ ಆರಂಭವಾಯಿತೆಂದು ಹೇಳಲು ನನಗೆ ಮನಸ್ಸಾಗುತ್ತದೆ. 1920ರ ದಶಕದ ಕೊನೆಗೆ ಎಥಿಲೀನ್ ಗ್ಲೈಕಾಲ್ ಮಾರುಕಟ್ಟೆಗೆ ಬಂತು. ಇದು ಸುಲಭವಾಗಿ ಆವಿಯಾಗದು, ಆದರೆ ಇದರ ಸ್ವಭಾವ ವಿಚಿತ್ರ. ಅಪ್ಪಟ ಗ್ಲೈಕಾಲ್ ಸೊನ್ನೆಗಿಂತ ಸುಮಾರು 13 ಡಿಗ್ರಿ ಕೆಳಗೇ ಹೆಪ್ಪುಗಟ್ಟುತ್ತದೆ. ಸಮಪಾಲು ನೀರು ಬೆರೆಸಿದರೆ ಸುಮಾರು 37 ಡಿಗ್ರಿ ಕೆಳಗಿನವರೆಗೂ ದ್ರವವಾಗಿಯೇ ಇರುತ್ತದೆ! ಹೆಚ್ಚು ಸುರಿದಷ್ಟೂ ಹೆಚ್ಚು ರಕ್ಷಣೆ ಎಂದು ನಂಬಿದವನು ಕೆಟ್ಟ. ಅಳೆದೇ ನೋಡಬೇಕು. (ಇದರ ರುಚಿ ಸಿಹಿ, ಗುಣ ಘೋರ ವಿಷ.)

ಸಿದ್ಧತೆಯಿಲ್ಲದೆ ಹೊರಟವರ ಪಾಡು ಏನಾಯಿತೆಂಬುದಕ್ಕೆ 1941ರ ಮಾಸ್ಕೋ ರಣರಂಗವೇ ಸಾಕ್ಷಿ. ಜೂನ್ 22ರಂದು ದಂಡೆತ್ತಿದ ಜರ್ಮನ್ ಸೇನೆ ಚಳಿಗೆ ಮುನ್ನವೇ ಯುದ್ಧ ಮುಗಿಯುತ್ತದೆಂದು ಎಣಿಸಿತ್ತು. ಡಿಸೆಂಬರ್ ವೇಳೆಗೆ ಎಂಜಿನ್ನಿನ ಎಣ್ಣೆ ಗಟ್ಟಿಯಾಯಿತು. ಲಾರಿ, ಟ್ಯಾಂಕುಗಳ ಕೆಳಗೆ ಬೆಂಕಿ ಹಾಕಿ ಕಾಯಿಸಬೇಕಾಯಿತು. ಎಂಜಿನ್ ಆರದಿರಲೆಂದು ರಾತ್ರಿಯೂ ಓಡಿಸುತ್ತ, ಮೊದಲೇ ಕೊರತೆಯಿದ್ದ ಇಂಧನವನ್ನು ಸುಟ್ಟರು. ಸೋಲನ್ನೆಲ್ಲ ಚಳಿಯ ತಲೆಗೆ ಕಟ್ಟುವುದು ಕೆಂಪುಸೇನೆಗೆ ಮಾಡುವ ಅನ್ಯಾಯ, ನಿಜ. ಆದರೆ ಚಳಿ ಇಬ್ಬರಿಗೂ ಒಂದೇ ಆಗಿತ್ತು, ಸಿದ್ಧತೆ ಒಂದೇ ಆಗಿರಲಿಲ್ಲ. ಯುದ್ಧಾನಂತರದ ಸೋವಿಯತ್ ನಿಯಮಗಳಲ್ಲಿ ವರ್ಷಕ್ಕೆ ಎರಡು ಬಾರಿ, ಚಳಿಗೆ ಮುನ್ನ ಹಾಗೂ ಬೇಸಿಗೆಗೆ ಮುನ್ನ, ವಾಹನಗಳಿಗೆ ಋತುಮಾನದ ತಪಾಸಣೆ ಇತ್ತು. ಎಣ್ಣೆ ಬದಲಾಯಿಸುವುದು, ಬ್ಯಾಟರಿ ನೋಡುವುದು ಅದರ ಮುಖ್ಯ ಕೆಲಸ.

ಇಲ್ಲಿಯವರೆಗೆ ಪ್ರಶ್ನೆ ಒಂದೇ: ವಾಹನ ಹೊರಡುತ್ತದೆಯೇ? ರಸ್ತೆಯಲ್ಲಿ ಕಾರುಗಳು ಹೆಚ್ಚಿದಂತೆ ಬೇರೆ ಪ್ರಶ್ನೆಗಳು ಎದ್ದವು. ಅದು ನಿಲ್ಲುತ್ತದೆಯೇ? ಎದುರಿನವನಿಗೆ ಕಾಣುತ್ತದೆಯೇ? ಹೊರಡದ ಕಾರು ಮಾಲೀಕನ ಕಷ್ಟ. ನಿಲ್ಲದ ಕಾರು ಊರಿನವರ ಕಷ್ಟ.

ಬರ್ಲಿನ್ನಿನಲ್ಲಿ ಡಿಸೆಂಬರ್ ಕೊನೆಗೆ ಹಗಲು ಎಂಟು ಗಂಟೆಯೂ ಇರುವುದಿಲ್ಲ. ಜರ್ಮನಿಯ ಗ್ಯಾರೇಜುಗಳು 1956ರಿಂದ ಅಕ್ಟೋಬರ್ ತಿಂಗಳಲ್ಲಿ ಕಾರಿನ ದೀಪಗಳನ್ನು ಉಚಿತವಾಗಿ ಪರೀಕ್ಷಿಸುತ್ತ ಬಂದಿವೆ. ದೀಪ ಸರಿಯಿದ್ದ ಕಾರಿನ ಮುಂಗಾಜಿಗೆ ಆ ವರ್ಷದ ಚೀಟಿ ಅಂಟಿಸುತ್ತಾರೆ. ಕಾನೂನಿನ ಒತ್ತಾಯವಿಲ್ಲದೆ ನಡೆದುಬಂದ ಪದ್ಧತಿ ಇದು. ಟಯರಿನ ವಿಷಯದಲ್ಲಿ ಮಾತ್ರ ಕಾನೂನೇ ಬರಬೇಕಾಯಿತು. ಫಿನ್ಲೆಂಡಿನಲ್ಲಿ 1934ರಷ್ಟು ಹಿಂದೆಯೇ ಹಿಮದ ಟಯರು ತಯಾರಾಗಿತ್ತು. ಸ್ವೀಡನ್ ಅದನ್ನು ಚಳಿಗಾಲಕ್ಕೆ ಕಡ್ಡಾಯ ಮಾಡಿದ್ದು 1999ರಲ್ಲಿ. ಜರ್ಮನಿ ಹಿಮರಸ್ತೆಯ ಟಯರಿನ ನಿಯಮವನ್ನು ಸ್ಪಷ್ಟಪಡಿಸಿದ್ದು 2010ರ ಡಿಸೆಂಬರಿನಲ್ಲಿ.

ಜಪಾನಿನ ಅನುಭವ ಇನ್ನೂ ಸ್ವಾರಸ್ಯ. ಅಲ್ಲಿನ ಚಾಲಕರು ಹಿಮ ಕಚ್ಚಿ ಹಿಡಿಯುವ ಮೊಳೆಯ ಟಯರು ಹಾಕಿಸಿಕೊಂಡರು. ಕಾರು ಭದ್ರವಾಯಿತು. ಆದರೆ ಆ ಮೊಳೆಗಳು ಡಾಂಬರನ್ನು ಕೆರೆದು ಎಬ್ಬಿಸಿದ ಧೂಳು ಸೆಂಡೈ ನಗರದ ಜನರ ಉಸಿರಿಗೆ ಕುತ್ತಾಯಿತು. ಮಿಯಾಗಿ ಪ್ರಾಂತ 1985ರಲ್ಲಿ ಇದರ ವಿರುದ್ಧ ನಿಯಮ ತಂದಿತು, 1990ರಲ್ಲಿ ಇಡೀ ದೇಶಕ್ಕೆ ಕಾಯಿದೆ ಬಂತು. ಈಗ ಅಲ್ಲಿ ಬಳಸುವ ಮೊಳೆಯಿಲ್ಲದ ಹಿಮದ ಟಯರಿನಲ್ಲಿ ಒಂದು ಗುರುತು ಇರುತ್ತದೆ. ಟಯರು ಅರ್ಧ ಸವೆದಾಗ ಅದು ಮೇಲೆ ಕಾಣುತ್ತದೆ. ಕಂಡರೆ, ಆ ಟಯರು ಚಳಿಗಾಲಕ್ಕೆ ಆಗದು. ಮೊಳೆ ಹೋದ ಮೇಲೆ ಸಪ್ಪೋರೋ ನಗರದ ರಸ್ತೆಗಳ ಹಿಮ ಗಾಜಿನಂತೆ ನುಣುಪಾಗತೊಡಗಿತು. ಅದಕ್ಕಾಗಿ ನಗರಾಡಳಿತ ಬೀದಿಯ ತಿರುವುಗಳಲ್ಲಿ ಮರಳಿನ ಪೆಟ್ಟಿಗೆಗಳನ್ನು ಇಟ್ಟಿದೆ. ದಾಟುವವರು ತಾವೇ ಒಂದಿಷ್ಟು ತೆಗೆದು ದಾರಿಗೆ ಎರಚಿಕೊಳ್ಳಬಹುದು.